ಕುವೈತಿಗೂ ಮುಂಬಯಿಗೂ ನಡುವೆ ಹುಟ್ಟಿದವಳು

ಹಾಗಾದರೆ ಆ ಎರಡು ಗಂಟೆ ಹತ್ತು ನಿಮಿಷ ಯಾವ ದೇಶದ್ದು? ಕುವೈತಿನದ್ದಾದರೆ ವಿಮಾನ ನೆಲ ಬಿಟ್ಟು ಮೂರು ಗಂಟೆ ಕಳೆದಿತ್ತು, ಕೆಳಗೆ ಅರಬ್ಬೀ ಸಮುದ್ರವಿತ್ತು, ಮುಂಬಯಿ ಹತ್ತಿರ ಬರುತ್ತಿತ್ತು. ನಮ್ಮ ದೇಶದ್ದಾದರೆ ವಿಮಾನ ನೆಲ ಬಿಟ್ಟು ಬರೀ ಮೂವತ್ತೈದು ನಿಮಿಷ, ಪ್ರಯಾಣಿಕರು ಆಗಷ್ಟೇ ಸೊಂಟದ ಪಟ್ಟಿ ಸಡಿಲಿಸುತ್ತಿದ್ದರು. ಗಡಿಯಾರ ಒಂದೇ, ಮಗು ಒಂದೇ, ನಡುವೆ ಎರಡೂವರೆ ಗಂಟೆಯ ವ್ಯತ್ಯಾಸ. ಮೊದಲನೆಯದಾದರೆ ಅವಳು ಹೋಗುತ್ತಾಳೆ. ಎರಡನೆಯದಾದರೆ ಉಳಿಯುತ್ತಾಳೆ. ಉಳಿದರೆ ತಾನು ಮಾಡುವುದಾದರೂ ಏನು ಎಂಬ ಪ್ರಶ್ನೆಗೆ ಮಾತ್ರ ಯಾವ ರೇಖಾಂಶದಲ್ಲಿಯೂ ಉತ್ತರ ಸಿಗುತ್ತಿರಲಿಲ್ಲ.

ಪುತ್ತೂರಿನ ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ ಕುಳಿತು ಸುಜಯ್ ಗ್ಲೋಬಿನ ಮೇಲೆ ಹೊಲಿಗೆಯ ನೂಲು ಎಳೆದು ಹಿಡಿದಿದ್ದ. ಅವನು ಅಲ್ಲಿ ಭೂಗೋಳದ ಅತಿಥಿ ಉಪನ್ಯಾಸಕ. ನೂಲಿನ ಒಂದು ತುದಿ ಕುವೈತಿನ ಮೇಲೆ, ಇನ್ನೊಂದು ಮುಂಬಯಿಯ ಮೇಲೆ. ಎರಡೂ ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಎರಡು ಸಾವಿರದ ಏಳುನೂರ ಅರವತ್ತು ಕಿಲೋಮೀಟರು. ಹಾರಾಟದ ಸಮಯ ಸುಮಾರು ಮೂರು ಗಂಟೆ ಐವತ್ತು ನಿಮಿಷ. ಇದನ್ನು ಅವನು ಮೊಬೈಲಿನಲ್ಲಿ ಒಮ್ಮೆ, ಸೂತ್ರ ಹಾಕಿ ಒಮ್ಮೆ, ಈಗ ನೂಲಿನಲ್ಲಿ ಒಮ್ಮೆ ನೋಡಿಯಾಗಿತ್ತು. ಮೂರೂ ಸಲ ಅಷ್ಟೇ ಬಂತು. ಪಕ್ಕದ ಮೇಜಿನ ವಾಣಿಜ್ಯದ ಮೇಷ್ಟ್ರು ಕುವೈತಿನಲ್ಲಿ ಕೆಲಸ ಸಿಕ್ಕಿತಾ ಎಂದು ಕೇಳಿದರು. ಇಲ್ಲ, ಒಂದು ಜಾತಕ ನೋಡುತ್ತಿದ್ದೇನೆ ಎಂದ. ಅವರು ಮತ್ತೆ ಏನೂ ಕೇಳಲಿಲ್ಲ.

ಜಾತಕ ಬೆಳ್ಳಾರೆಯ ಸುರಕ್ಷಾಳದ್ದು. ಅವಳ ಮನೆಗೂ ಇವನ ಮನೆಗೂ ನಡುವೆ ಒಂದು ಕಾಲುದಾರಿ. ಅವಳ ಅಪ್ಪ ತೀರ್ಥರಾಮ ಗೌಡರು ಎಂಟು ವರ್ಷ ಕುವೈತಿನಲ್ಲಿ ಎಲೆಕ್ಟ್ರಿಷನ್ ಆಗಿದ್ದವರು. ಇಪ್ಪತ್ತೇಳು ವರ್ಷದ ಹಿಂದೆ, ಹೆಂಡತಿ ಪ್ರೇಮಾವತಿಗೆ ಏಳೂವರೆ ತಿಂಗಳಾಗಿರುವಾಗ, ಬಾಣಂತನ ಊರಿನಲ್ಲಿಯೇ ಆಗಲಿ ಎಂದು ಇಬ್ಬರೂ ಹೊರಟಿದ್ದರು. ಮಗುವಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅದು ವಿಮಾನದಲ್ಲಿಯೇ ಹುಟ್ಟಿತು. ಆ ವಿಮಾನದಲ್ಲಿ ನಾಲ್ಕು ಮಂದಿ ಮಲಯಾಳಿ ನರ್ಸುಗಳಿದ್ದುದರಿಂದ ಊರಿನ ಆಸ್ಪತ್ರೆಯಲ್ಲಿ ಆಗುವುದಕ್ಕಿಂತ ಚೆನ್ನಾಗಿಯೇ ಹೆರಿಗೆಯಾಯಿತಂತೆ. ಆಗಾಗ ಹಿಂದಿಯಲ್ಲಿ ಕೇಳಿಬರುತ್ತಿದ್ದ ಘೋಷಣೆಯಲ್ಲಿ ತೀರ್ಥರಾಮ ಗೌಡರಿಗೆ ಅರ್ಥವಾದದ್ದು ಸುರಕ್ಷಾ ಎಂಬ ಒಂದೇ ಶಬ್ದ. ಅದನ್ನೇ ಮಗಳಿಗೆ ಇಟ್ಟರು.

ಆಮೇಲೆ ಇಪ್ಪತ್ತೇಳು ವರ್ಷ ಗೌಡರು ಈ ಕತೆಯನ್ನು ಬೆಳ್ಳಾರೆಯಲ್ಲಿ ಹೇಳದ ಮದುವೆಮನೆಯಿಲ್ಲ, ಗೃಹಪ್ರವೇಶವಿಲ್ಲ. ಕತೆಯ ಮುಖ್ಯ ಭಾಗ ಅವರ ಕೈಗಡಿಯಾರ. ಎಂಟು ವರ್ಷದಲ್ಲಿ ಒಂದು ದಿನವೂ ಅವರು ಅದಕ್ಕೆ ಕುವೈತಿನ ಸಮಯ ಇಟ್ಟಿರಲಿಲ್ಲ. ಊರಿನಲ್ಲಿ ಅವ್ವ ದನ ಕರೆಯುವ ಹೊತ್ತು, ಬೆಳ್ಳಾರೆಗೆ ಮೊದಲ ಬಸ್ಸು ಬರುವ ಹೊತ್ತು, ಎಲ್ಲ ತನ್ನ ಮಣಿಕಟ್ಟಿನಲ್ಲಿ ಇರಬೇಕೆಂದು ಊರಿನ ಸಮಯವನ್ನೇ ಕಟ್ಟಿಕೊಂಡಿದ್ದರು. ಅದರಿಂದಾಗಿ ಕೆಲಸಕ್ಕೆ ಎರಡೂವರೆ ಗಂಟೆ ಮೊದಲೇ ಹೋಗಿ ಗೇಟಿನ ಹೊರಗೆ ನಿಂತದ್ದೂ ಉಂಟು. ಮಗು ಅತ್ತ ಕೂಡಲೇ ಗಡಿಯಾರ ನೋಡಿದರು, ಎರಡು ಗಂಟೆ ಹತ್ತು ನಿಮಿಷ. ಕತೆ ಇಲ್ಲಿಗೆ ಮುಗಿದು ಕೇಳುವವರು ಆಹಾ ಎನ್ನಬೇಕು.

ಎರಡು ಭಾನುವಾರದ ಹಿಂದೆ ಕಡಬದಿಂದ ಸುರಕ್ಷಾಳನ್ನು ನೋಡಲು ಬಂದಿದ್ದರು. ಹುಡುಗ ಮೋಕ್ಷಿತ್, ಕಡಬದಲ್ಲಿ ಹಾರ್ಡ್‌ವೇರ್ ಅಂಗಡಿ. ಹುಡುಗಿ ಒಪ್ಪಿಗೆಯಾದಳು, ಹುಡುಗ ಒಪ್ಪಿಗೆಯಾದ, ಗೋಳಿಬಜೆಯೂ ಒಪ್ಪಿಗೆಯಾಯಿತು. ಅಷ್ಟಕ್ಕೆ ಬಿಡದೆ ಗೌಡರು ಗಡಿಯಾರದ ಕತೆ ತೆಗೆದರು. ಹುಡುಗನ ತಾಯಿ ದಮಯಂತಿ ಮನಸ್ಸಿಟ್ಟು ಕೇಳಿದರು, ಹೋಗಿ ತಮ್ಮ ಜೋಯಿಸರಿಗೆ ಹೇಳಿದರು. ಜೋಯಿಸರು ಹಳೆಯ ಪಂಚಾಂಗ ಬಿಡಿಸಿದರು. ಆ ದಿನ ಊರಿನ ಸಮಯ ಮೂರು ಗಂಟೆ ಇಪ್ಪತ್ತೆಂಟು ನಿಮಿಷದವರೆಗೆ ಆಶ್ಲೇಷಾ ನಕ್ಷತ್ರ, ಅನಂತರ ಮಖಾ. ಗಡಿಯಾರ ಊರಿನ ಸಮಯದ್ದು ಎಂದು ಹುಡುಗಿಯ ಅಪ್ಪನೇ ಹೆಮ್ಮೆಯಿಂದ ಹೇಳಿದ್ದಾರೆ. ಎರಡು ಗಂಟೆ ಹತ್ತು ನಿಮಿಷ ಎಂದರೆ ಆಶ್ಲೇಷಾ. ಆಶ್ಲೇಷಾದ ಸೊಸೆ ಅತ್ತೆಗೆ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು.

ದಮಯಂತಿ ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿದರು.

“ನಂಗೆ ಹುಡುಗಿಯ ಮೇಲೆ ಎಂತ ದೂರೂ ಇಲ್ಲ. ಆದ್ರೆ ಬಿಪಿಗೆ ಒಂದು ಮಾತ್ರೆ ಉಂಟು, ಶುಗರಿಗೆ ಎರಡುಂಟು. ಅದ್ರ ಮೇಲೆ ಒಂದು ನಕ್ಷತ್ರವೂ ಬೇಡ ಅಂತ.”

ಗೌಡರಿಗೆ ಜಗತ್ತೇ ತಿರುಗಿತು. ಆ ದಿನ ಗಡಿಯಾರದಲ್ಲಿ ಕುವೈತಿನ ಸಮಯವೂ ಇದ್ದಿರಬಹುದು ಎಂದು ಹೇಳಿ ನೋಡಿದರು. ಯಾರೂ ನಂಬಲಿಲ್ಲ, ಅವರ ಹೆಂಡತಿಯೂ ನಂಬಲಿಲ್ಲ. ಕೊನೆಗೆ ಜೋಯಿಸರೇ ಒಂದು ದಾರಿ ಹೇಳಿದರು. ವಿಮಾನ ಹೊರಟ ಸಮಯ ಟಿಕೇಟಿನಲ್ಲಿದೆ, ಕುವೈತಿನ ಹನ್ನೊಂದು ಗಂಟೆ ಐದು ನಿಮಿಷ. ಮಗು ಹುಟ್ಟುವಾಗ ವಿಮಾನ ಎಲ್ಲಿತ್ತು ಎಂದು ಯಾರಾದರೂ ಲೆಕ್ಕ ಹಾಕಿ, ಸಾಕ್ಷಿ ಸಮೇತ ತೋರಿಸಿದರೆ ಬರುವ ಭಾನುವಾರ ಕುಳಿತು ಮಾತಾಡೋಣ. ಸಾಕ್ಷಿ ಇಲ್ಲದಿದ್ದರೆ ಆಶ್ಲೇಷಾವೇ.

ಲೆಕ್ಕ ಹಾಕುವವನು ಕಾಲುದಾರಿಯ ಆಚೆಯೇ ಇದ್ದ.

ಸುಜಯನ ಬಗ್ಗೆ ಒಂದು ಮಾತು ಹೇಳಬೇಕು. ತರಗತಿಯಲ್ಲಿ ಗಾಳಿ, ಮಳೆ, ಭೂಕಂಪದ ಬಗ್ಗೆ ಗಂಟೆಗಟ್ಟಲೆ ಹೇಳುವ ಇವನಿಗೆ ಹೊರಗೆ ಬಂದರೆ ನಾಲಿಗೆ ಒಣಗುತ್ತಿತ್ತು. ಯಾವ ಮಾತನ್ನಾದರೂ ಮೊದಲು ಮನಸ್ಸಿನಲ್ಲಿ ನಾಲ್ಕು ಸಲ ಹೇಳಿ ನೋಡುತ್ತಿದ್ದ, ಐದನೆಯ ಸಲ ಹೇಳುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಿದ್ದರು. ಗೋತ್ರದ ಹಾಗೆ ನೋಡುವ ಬಳಿ ಸುರಕ್ಷಾಳದ್ದೂ ತನ್ನದೂ ಬೇರೆ ಬೇರೆ, ಮದುವೆಗೆ ಅಡ್ಡಿಯಿಲ್ಲ ಎಂಬುದನ್ನು ಅವನು ಪಿಯುಸಿಯಲ್ಲಿರುವಾಗಲೇ ವಿಚಾರಿಸಿ ಇಟ್ಟುಕೊಂಡಿದ್ದ. ಮುಂದಿನ ಹೆಜ್ಜೆ ಇಡಲು ಹತ್ತು ವರ್ಷ ಸಾಕಾಗಿರಲಿಲ್ಲ.

ತೀರ್ಥರಾಮ ಗೌಡರನ್ನು ಅವನು ಸಣ್ಣಂದಿನಿಂದ ಮಾವ ಎಂದೇ ಕರೆಯುವುದು. ಆ ಮಾವ ಟಿಕೇಟಿಗೆ ಕಟ್ಟಿಸಿದ್ದ ಫ್ರೇಮನ್ನು ಗೋಡೆಯಿಂದ ಇಳಿಸಿ ಇವನ ಕೈಗಿಟ್ಟು, ಸಹಾಯ ಆಗಲೆಂದು ತಮ್ಮ ಸಿದ್ಧಾಂತವನ್ನೂ ಹೇಳಿದರು. ಕುವೈತಿಗೆ ಹೋಗುವಾಗ ವಿಮಾನಕ್ಕೆ ಹೊತ್ತು ಹೆಚ್ಚು ಬೇಕು, ಬರುವಾಗ ಕಡಿಮೆ ಸಾಕು, ಯಾಕೆಂದರೆ ನಕ್ಷೆಯಲ್ಲಿ ಕುವೈತ್ ಮೇಲಿದೆ, ಊರು ಕೆಳಗಿದೆ, ಬರುವಾಗ ಇಳಿಜಾರು. ಕಾರಣ ತಪ್ಪಾಗಿದ್ದರೂ ಉತ್ತರ ಸರಿಯಿದ್ದುದರಿಂದ ಸುಜಯನಿಗೆ ಎದುರು ಹೇಳಲು ಏನೂ ಸಿಗಲಿಲ್ಲ.

ಅವನು ಪ್ರೇಮಾವತಿಯವರನ್ನು ಕೇಳಿದ. ವಿಮಾನ ಹೊರಟು ಅರ್ಧ ಗಂಟೆಗೆ ಹೆರಿಗೆಯಾದದ್ದೋ, ಮೂರು ಗಂಟೆಗೋ?

“ನಂಗೆ ಅದು ಮೂರು ದಿನದ ಹಾಗೆ ಆಗಿತ್ತು ಮಾರಾಯ,” ಎಂದರು ಅವರು. “ಮೆಟ್ಟಿಲು ಹತ್ತುವಾಗ ನೋವು ಶುರು. ಮತ್ತೆ ಕಂಡದ್ದು ತಲೆಯ ಮೇಲಿನ ಬಲ್ಬು ಮಾತ್ರ. ನೀನು ಭೂಗೋಳ ಕಲಿತವ, ಒಮ್ಮೆ ಹೆತ್ತು ನೋಡು, ಗಂಟೆ ನೆನಪಿರ್ತದಾ ಅಂತ.”

ಆಮೇಲೆ ಅವರೇ ನೆನಪು ಮಾಡಿಕೊಂಡು ಹೇಳಿದರು. ಹಿಂದಿನ ಸಾಲಿನಲ್ಲಿ ಅಜ್ಜಾವರದ ಅಬ್ಬಾಸ್ ಇದ್ದರು. ಈಗ ಸುಳ್ಯದಲ್ಲಿ ರಬ್ಬರ್ ಶೀಟಿನ ವ್ಯಾಪಾರ. ಬ್ಯಾಗಿನಿಂದ ಹೊಸ ಟವೆಲು ತೆಗೆದು ಕೊಟ್ಟದ್ದು ಅವರೇ. ಅಬ್ಬಾಸ್ ಆಗ ನಿದ್ದೆ ಮಾಡುತ್ತಿದ್ದರು ಎಂದು ಗೌಡರು ಒಳಗಿನಿಂದಲೇ ಹೇಳಿದರು. ಅವರ ಕತೆಯಲ್ಲಿ ಅಬ್ಬಾಸ್ ಎಂಬವರು ಯಾವತ್ತೂ ಇದ್ದದ್ದಿಲ್ಲ.

ಶನಿವಾರ ಮಧ್ಯಾಹ್ನದ ಮೇಲೆ ಸುಜಯ್ ಸುಳ್ಯಕ್ಕೆ ಹೋದ. ಬಸ್ಸಿನಲ್ಲಿ ಕುಳಿತು, ಅಬ್ಬಾಸರು ಅಂಗಡಿ ಮುಚ್ಚಿ ಎಲ್ಲಿಗಾದರೂ ಹೋಗಿದ್ದರೆ ಒಳ್ಳೆಯದಿತ್ತು ಎಂದು ಯೋಚಿಸಿದ. ಹಾಗೆ ಯೋಚಿಸಿದ್ದಕ್ಕೆ ನಾಚಿದ. ನಾಚಿದ ಮೇಲೂ ಹಾಗೆಯೇ ಯೋಚಿಸಿದ.

ಅಬ್ಬಾಸ್ ಅಂಗಡಿಯಲ್ಲಿಯೇ ಇದ್ದರು. ಹೊಗೆ ಹಾಕಿದ ರಬ್ಬರ್ ಶೀಟುಗಳ ಅಟ್ಟಿಯ ಮುಂದೆ ಕುರ್ಚಿ ಹಾಕಿ ಕುಳಿತಿದ್ದರು. ಅರುವತ್ತೈದು ದಾಟಿದ ದೊಡ್ಡ ಮೈ, ಬಿಳಿ ಗಡ್ಡ. ಹೆಂಡತಿ ಆಯಿಶಮ್ಮ ಊಟದ ಬುತ್ತಿ ತಂದವರು ಒಳಗೆ ಬೆಂಚಿನ ಮೇಲೆ ಕುಳಿತು ಅದು ಖಾಲಿಯಾಗುವುದನ್ನು ಕಾಯುತ್ತಿದ್ದರು. ಸುಜಯ್ ವಿಷಯ ಹೇಳಿ ಮುಗಿಸಲು ಬಹಳ ಹೊತ್ತು ತೆಗೆದುಕೊಂಡ. ಅಬ್ಬಾಸ್ ಅಷ್ಟೂ ಹೊತ್ತು ಅವನ ಮುಖವನ್ನೇ ನೋಡಿದರು.

“ನೀವು ಹುಡುಗಿಯ ಕಡೆಯವ್ರಾ, ಹುಡುಗನ ಕಡೆಯವ್ರಾ?”

“ನಾನು ಲೆಕ್ಕದ ಕಡೆ,” ಎಂದ ಸುಜಯ್.

ಅಬ್ಬಾಸ್ ನಗಲಿಲ್ಲ, ಆದರೆ ಒಳಗಿನಿಂದ ಆಯಿಶಮ್ಮ ನಕ್ಕದ್ದು ಕೇಳಿಸಿತು.

ಅಬ್ಬಾಸರಿಗೆ ಆ ದಿನ ನಿಮಿಷ ನಿಮಿಷವೂ ನೆನಪಿತ್ತು. ಊಟ ಕೊಟ್ಟಿದ್ದರು, ಕೋಳಿ ಮತ್ತು ಅನ್ನ, ಕೋಳಿಗಿಂತ ಎಲುಬು ಹೆಚ್ಚು. ತಟ್ಟೆ ತೆಗೆದುಕೊಂಡು ಹೋಗಿ ಎಷ್ಟೋ ಹೊತ್ತಾಗಿತ್ತು. ಒಂದು ನಿದ್ದೆಯೂ ಮುಗಿದಿತ್ತು, ಎದ್ದು ಚಹಾ ಕೇಳಿದ್ದರು. ಚಹಾ ತರುತ್ತೇನೆಂದು ಹೋದ ಹುಡುಗಿ ಮುಂದಿನ ಸಾಲಿನ ಗಲಾಟೆಗೆ ಓಡಿದವಳು ತಿರುಗಿ ಬರಲೇ ಇಲ್ಲ. ಆ ಚಹಾ ಇವತ್ತಿಗೂ ಬರಲಿಕ್ಕಿದೆ. ಮಗು ಅತ್ತು ಮುಕ್ಕಾಲು ಗಂಟೆಗೆಲ್ಲ ವಿಮಾನ ಮುಂಬಯಿಯಲ್ಲಿ ಇಳಿದಿತ್ತು.

ಸುಜಯ್ ಕಾಗದದ ಮೇಲೆ ಬರೆದುಕೊಂಡ. ಇದು ಬಲವಾದ ಸಾಕ್ಷಿ. ಆದರೂ ಗಡಿಯಾರ ಊರಿನ ಸಮಯದ್ದಾಗಿದ್ದರೆ ಎರಡು ಗಂಟೆ ಹತ್ತು ನಿಮಿಷಕ್ಕೆ ಊಟವೇ ಬಂದಿರಲಿಕ್ಕಿಲ್ಲ, ಇದು ಹೇಗೆ ಕೂಡುತ್ತದೆ? ಮಾವನ ಗಡಿಯಾರ ಸುಳ್ಳು ಹೇಳುವುದಿಲ್ಲವಲ್ಲ ಎಂದು ಕೇಳಿದ. ಕೇಳುವಾಗ ಅವನ ಸ್ವರದಲ್ಲಿ ಒಂದು ಆಸೆ ಇತ್ತು.

“ಅವ್ರ ವಾಚು ಎಂತ ಹೇಳ್ತಿತ್ತೋ ಅವ್ರಿಗೇ ಗೊತ್ತಿಲ್ಲ ಮಾರಾಯ್ರೆ,” ಎಂದರು ಅಬ್ಬಾಸ್. “ಅವ್ರು ನೋಡಿದ್ದು ನನ್ನ ವಾಚು.”

ನಡೆದದ್ದು ಹೀಗೆ. ಪ್ರೇಮಾವತಿ ನೋವು ತಡೆಯಲಾರದೆ ಗಂಡನ ಎಡಗೈಯ ಮಣಿಕಟ್ಟನ್ನು ಗಡಿಯಾರದ ಸಮೇತ ಮುಷ್ಟಿಯಲ್ಲಿ ಹಿಡಿದಿದ್ದರು. ಮಗು ಬಂದ ಮೇಲೂ ಬಿಡಲಿಲ್ಲ. ನರ್ಸೊಬ್ಬಳು ಸಮಯ ನೋಡಿ ಎಂದಾಗ ಗೌಡರು ತಮ್ಮ ಕೈ ಎಳೆದು ನೋಡಿದರು, ಆಗಲಿಲ್ಲ. ಹಿಂದಕ್ಕೆ ತಿರುಗಿ ಬಲಗೈಯಿಂದ ಅಬ್ಬಾಸರ ಕೈಯನ್ನು ಸೀಟಿನ ಮೇಲಿನಿಂದ ಎಳೆದರು. ಎಳೆದ ರಭಸಕ್ಕೆ ಗಡಿಯಾರದ ಪಟ್ಟಿಯ ಕೊಂಡಿಯೇ ಬಿಟ್ಟುಹೋಯಿತು. ಎರಡು ಹತ್ತು ಎಂದು ಕೂಗಿದರು. ಅಬ್ಬಾಸರ ಗಡಿಯಾರದಲ್ಲಿದ್ದದ್ದು ಕುವೈತಿನ ಸಮಯ. ನೆಲ ಮುಟ್ಟುವವರೆಗೆ ಗಡಿಯಾರ ಬದಲಿಸುವ ಅಭ್ಯಾಸ ಅವರಿಗೆ ಇರಲಿಲ್ಲ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಸುಜಯ್ ಕೇಳಿದ.

“ಅವ್ರ ಕತೆ ಮಾರಾಯ್ರೆ, ಅವ್ರು ಬೇಕಾದ ಹಾಗೆ ಹೇಳ್ಲಿ. ಮೂರು ಮದುವೆಯಲ್ಲಿ ನನ್ನ ಎದುರೇ ಹೇಳಿದ್ದಾರೆ. ನಾನು ಐಸ್‌ಕ್ರೀಮು ತಿಂತಾ ಕೂತಿದ್ದೆ.”

ಒಳಗಿನಿಂದ ಆಯಿಶಮ್ಮ, ವಾಚಿನ ಪಟ್ಟಿ ಹಾಕಿಸಿದ್ದು ತನ್ನ ತಮ್ಮ, ಅದನ್ನೂ ಬರೆದುಕೊಳ್ಳಲಿ ಎಂದರು. ಸುಜಯ್ ಬರೆದುಕೊಂಡ.

ಹಾಗಾದರೆ ಊರಿನ ಸಮಯ ನಾಲ್ಕು ಗಂಟೆ ನಲವತ್ತು ನಿಮಿಷ. ಮುಂಬಯಿಗೆ ಇನ್ನು ಸುಮಾರು ಐನೂರು ಕಿಲೋಮೀಟರು ಇರುವಾಗ, ಅರಬ್ಬೀ ಸಮುದ್ರದ ಮೇಲೆ, ಮಖಾ ನಕ್ಷತ್ರದಲ್ಲಿ ಸುರಕ್ಷಾ ಹುಟ್ಟಿದ್ದಳು. ಸಾಕ್ಷಿ ಸಮೇತ. ಸುಜಯನ ಅಂಗಿಯ ಜೇಬಿನಲ್ಲಿ ಆ ಕಾಗದ ಮಡಚಿ ಕುಳಿತಿತ್ತು. ಈ ವಿಷಯ ಸುಳ್ಯ, ಪುತ್ತೂರು, ಕಡಬ ಮೂರೂ ತಾಲೂಕಿನಲ್ಲಿ ಗೊತ್ತಿದ್ದದ್ದು ಮೂವರಿಗೆ. ಇಬ್ಬರು ಇಪ್ಪತ್ತೇಳು ವರ್ಷದಿಂದ ಸುಮ್ಮನಿದ್ದರು. ಮೂರನೆಯವನಿಗೆ ಸುಮ್ಮನಿರುವುದು ಹುಟ್ಟುಗುಣ.

ಬೆಳ್ಳಾರೆಯ ಬಸ್ಸಿನಲ್ಲಿ ಸುರಕ್ಷಾ ಸಿಕ್ಕಿದಳು. ಅವಳು ಸುಳ್ಯದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅವಳ ಡ್ಯೂಟಿ ಮುಗಿಯುವ ಹೊತ್ತು ಅದು. ಅದೇ ಬಸ್ಸಿಗೆಂದು ತಾನು ಎರಡು ಬಸ್ಸು ಬಿಟ್ಟು ನಿಂತಿದ್ದೆ ಎಂಬುದನ್ನು ಸುಜಯ್ ತನಗೆ ತಾನೂ ಹೇಳಿಕೊಂಡಿರಲಿಲ್ಲ. ಅವಳು ಪಕ್ಕದಲ್ಲಿ ಕುಳಿತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು.

“ಎಂತ ಆಯ್ತು? ನಾನು ಯಾವಾಗ ಹುಟ್ಟಿದ್ದು?”

ಇನ್ನೊಮ್ಮೆ ಲೆಕ್ಕ ನೋಡಬೇಕು, ನಾಳೆ ಹೇಳುತ್ತೇನೆ ಎಂದ. ಅವಳು ಒತ್ತಾಯ ಮಾಡಲಿಲ್ಲ. ಬೇರೆಯವರ ರಕ್ತದ ರಿಪೋರ್ಟು ಕೊಡುವಾಗ ತಾನೂ ಹೀಗೇ ಹೇಳುವುದು ಎಂದಳು. ಆಮೇಲೆ ಮೋಕ್ಷಿತನ ಸುದ್ದಿ ತಾನಾಗಿಯೇ ಬಂತು. ಒಳ್ಳೆಯವನು, ಸ್ವಲ್ಪ ಮಾತು ಜಾಸ್ತಿ. ಅವತ್ತು ಅಂಗಳದಲ್ಲಿ ಹತ್ತು ನಿಮಿಷ ಮಾತಾಡಿದ್ದರಲ್ಲಿ ನಾಲ್ಕು ಸಲ ನಗಿಸಿದ.

“ನೀನು ಒಂದನೇ ಕ್ಲಾಸಿನಿಂದ ನನ್ನೊಟ್ಟಿಗೆ ಇದ್ದಿ. ಎಷ್ಟು ಸಲ ನಗಿಸಿದ್ದಿ ಹೇಳು?”

ಸುಜಯ್ ನಿಜವಾಗಿಯೂ ಲೆಕ್ಕ ಹಾಕತೊಡಗಿದ. ಎರಡು ಸಿಕ್ಕಿತು, ಒಂದು ಜಾರಿ ಬಿದ್ದದ್ದು. ಅವನು ಅದನ್ನು ಹೇಳುವಷ್ಟರಲ್ಲಿ ಕಂಡಕ್ಟರ್ ಬಂದು ಹೋದ. ಸುರಕ್ಷಾ ಕಿಟಕಿಯ ಕಡೆ ನೋಡುತ್ತಾ ಕೇಳಿದಳು.

“ಒಂದುವೇಳೆ ಆಶ್ಲೇಷಾ ಅಂತಲೇ ಆದ್ರೆ ನನ್ನನ್ನು ಯಾರು ಮದುವೆ ಆಗ್ತಾರೆ?”

ಉತ್ತರ ಸುಜಯನ ನಾಲಿಗೆಯ ಮೇಲೆ ಬಂದು ಕುಳಿತಿತ್ತು. ಎರಡೇ ಅಕ್ಷರದ ದೂರ. ಅವನು ಅದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿದ, ಎರಡು ಸಲ ಹೇಳಿದ. ಮೂರನೆಯ ಸಲಕ್ಕೆ ಅದು ಬೇರೆ ರೂಪದಲ್ಲಿ ಹೊರಗೆ ಬಿತ್ತು.

“ತಾಯಿ ಇಲ್ಲದ ಹುಡುಗ ಆದ್ರೆ ತೊಂದರೆ ಇಲ್ಲ.”

“ಹೌದಾ,” ಎಂದಳು ಸುರಕ್ಷಾ. ಸ್ವಲ್ಪ ಹೊತ್ತು ಬಿಟ್ಟು, “ನಿನ್ನ ಅಮ್ಮನ ಆರೋಗ್ಯ ಹೇಗುಂಟು?”

“ಚೆನ್ನಾಗಿದ್ದಾರೆ.”

“ಸಂತೋಷ,” ಎಂದಳು. ಬೆಳ್ಳಾರೆಯವರೆಗೆ ಕಿಟಕಿಯ ಹೊರಗೇ ನೋಡಿದಳು. ಮನೆ ಮುಟ್ಟಿ ಕಾಲು ತೊಳೆಯುವಾಗ ಸುಜಯನಿಗೆ ಆ ಪ್ರಶ್ನೆ ಯಾಕೆ ಬಂತೆಂದು ಹೊಳೆಯಿತು. ಅವನು ಚೆಂಬು ಹಿಡಿದುಕೊಂಡು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದ.

ಚೆನ್ನಾಗಿದ್ದ ಅಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ಮಗ ಯಾವತ್ತಿಗಿಂತ ಹೆಚ್ಚು ಸುಮ್ಮನಿರುವುದನ್ನು ನೋಡಿ ವಿಚಾರಿಸಿದರು. ಅವನು ಎಲ್ಲವನ್ನೂ ಹೇಳಿದ, ತನ್ನ ಮನಸ್ಸಿನ ಸುದ್ದಿಯೊಂದನ್ನು ಬಿಟ್ಟು. ಅದು ಅಮ್ಮನಿಗೆ ಅವನಿಗಿಂತ ಮೊದಲೇ ಗೊತ್ತಿತ್ತು.

“ನಾನು ಯಾವ ನಕ್ಷತ್ರ ಗೊತ್ತುಂಟಾ ನಿಂಗೆ? ಆಶ್ಲೇಷಾ,” ಎಂದರು ಅಮ್ಮ. “ನನ್ನ ಅತ್ತೆ ತೊಂಬತ್ತೊಂದು ವರ್ಷ ಬದುಕಿದ್ರು. ಸಾಯುವ ಹಿಂದಿನ ದಿನವೂ ಸಾರಿಗೆ ಉಪ್ಪು ಸಾಲದು ಅಂದಿದ್ರು.”

ಸುಜಯ್ ನೆಲಕ್ಕೆ ಉದುರಿದ ನಾಲ್ಕು ಹುರುಳಿ ಹೆಕ್ಕಿ ಮೊರಕ್ಕೆ ಹಾಕಿದ.

“ನಾಳೆ ಕಡಬದಲ್ಲಿ ನೀನು ಬಾಯಿ ಬಿಡದಿದ್ರೆ ಎಂತ ಆಗ್ತದೆ?”

“ಆಶ್ಲೇಷಾ ಅಂತಲೇ ಆಗ್ತದೆ. ಸಂಬಂಧ ತಪ್ತದೆ.”

“ಹಾಗಾದ್ರೆ ನಿಂಗೆ ಅಭ್ಯಾಸ ಇರುವ ಕೆಲಸವೇ ಅಲ್ವಾ,” ಎಂದು ಅಮ್ಮ ಮತ್ತೆ ಹುರುಳಿ ಕೇರಿದರು.

ಭಾನುವಾರ ಬೆಳಿಗ್ಗೆ ಗೌಡರ ಓಮ್ನಿಯಲ್ಲಿ ಮೂವರೂ ಹೊರಟರು. ಗೌಡರು, ಪ್ರೇಮಾವತಿ, ಹಿಂದಿನ ಸೀಟಿನಲ್ಲಿ ಗ್ಲೋಬು ಹಿಡಿದುಕೊಂಡ ಸುಜಯ್. ಗ್ಲೋಬು ಇದ್ದರೆ ನಾಲ್ಕು ಜನ ನಂಬುತ್ತಾರೆಂದು ಗೌಡರೇ ತರಿಸಿದ್ದು. ಪಂಜ ದಾಟಿದ ಮೇಲೆ ರಸ್ತೆಯ ಹೊಂಡಗಳಲ್ಲಿ ಭೂಮಿ ಎರಡು ಸಲ ಕೈತಪ್ಪಿ ಪ್ರೇಮಾವತಿಯವರ ಕಾಲಬುಡಕ್ಕೆ ಉರುಳಿತು. ಉತ್ತರ ಸಿಕ್ಕಿತಾ ಎಂದು ಗೌಡರು ದಾರಿಯುದ್ದಕ್ಕೂ ಕೇಳಿದರು. ಅಲ್ಲಿಯೇ ಹೇಳುತ್ತೇನೆ ಎಂದು ಸುಜಯ್ ದಾರಿಯುದ್ದಕ್ಕೂ ಹೇಳಿದ. ಜೇಬಿನ ಕಾಗದವನ್ನು ಮುಟ್ಟಿ ನೋಡಿಕೊಂಡ. ಕಿಟಕಿ ತೆರೆದೇ ಇತ್ತು, ಹೊರಗೆ ಕುಮಾರಧಾರಾ ಹೊಳೆ ಇತ್ತು, ಕಾಗದ ಹಗುರವಾಗಿತ್ತು. ಆದರೂ ಅದು ಜೇಬಿನಲ್ಲಿಯೇ ಉಳಿಯಿತು.

ಕಡಬದ ಮನೆಯ ಚಾವಡಿಯಲ್ಲಿ ಜೋಯಿಸರು ಆಗಲೇ ಕುಳಿತಿದ್ದರು. ದಮಯಂತಿ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಮೋಕ್ಷಿತ್ ಗೋಡೆಗೆ ಒರಗಿ ನಿಂತು. ಅವನು ಗ್ಲೋಬನ್ನು ನೋಡಿ, ಇಷ್ಟು ದೊಡ್ಡ ಉಂಡೆಯನ್ನು ಯಾಕೆ ತಂದದ್ದು ಎಂದು ಎಲ್ಲರನ್ನೂ ನಗಿಸಿದ. ಸುಜಯನಿಗೂ ನಗು ಬಂತು. ಅದರಿಂದ ಅವನಿಗೆ ಇನ್ನಷ್ಟು ಬೇಸರವಾಯಿತು.

ಎಳನೀರು ಆಯಿತು. ಜೋಯಿಸರು ಪಂಚಾಂಗ ಬಿಡಿಸಿದರು.

“ಹೇಳಿ ಮೇಷ್ಟ್ರೆ. ಎಲ್ಲಿಯವರೆಗೆ ಬಂತು ವಿಮಾನ?”

ಸುಜಯ್ ಎದ್ದು ನಿಂತ. ಎರಡು ನಿಲ್ದಾಣಗಳ ನಡುವಿನ ದೂರ ಹೇಳಿದ, ಹಾರಾಟದ ಸಮಯ ಹೇಳಿದ, ಬೆನ್ನ ಹಿಂದಿನಿಂದ ಬೀಸುವ ಗಾಳಿಯಿಂದ ಎಷ್ಟು ನಿಮಿಷ ಉಳಿಯುತ್ತದೆಂದು ಹೇಳಿದ. ಕುವೈತಿನಲ್ಲಿ ಹೊತ್ತು ಹುಟ್ಟುವುದು ನಮಗಿಂತ ತಡವಾಗಿ ಯಾಕೆಂದು ಗ್ಲೋಬು ತಿರುಗಿಸಿ ತೋರಿಸಿದ. ದಮಯಂತಿ ತಲೆಯಾಡಿಸಿದರು. ಅವರಿಗೆ ಇದು ಮೊದಲ ಸಲ ಅರ್ಥವಾಗಿತ್ತು. ಆದರೆ ಗಡಿಯಾರ ಯಾರದ್ದು ಎಂಬಲ್ಲಿಗೆ ಬಂದಾಗ ಅವನ ಮಾತು ನಿಂತಿತು.

ಎಲ್ಲರೂ ಕಾದರು. ಅವನು ಗ್ಲೋಬನ್ನು ಇನ್ನೊಮ್ಮೆ ತಿರುಗಿಸಿದ. ಅದು ತಿರುಗಿ ತಿರುಗಿ ತಾನಾಗಿ ನಿಂತಿತು.

“ಅಂದ್ರೆ ಸಾಕ್ಷಿ ಸಿಗ್ಲಿಲ್ಲ,” ಎಂದರು ಜೋಯಿಸರು ಮೆಲ್ಲಗೆ. “ಹಾಗಾದ್ರೆ ಆಶ್ಲೇಷಾ ಅಂತಲೇ ಇಟ್ಕೊಳ್ಳುವ.” ಅವರು ಪಂಚಾಂಗ ಮಡಚಿದರು.

ಚಾವಡಿಯಲ್ಲಿ ಯಾರೂ ಮಾತಾಡಲಿಲ್ಲ. ಮೌನವೆಂದರೆ ಸುಜಯನಿಗೆ ಸ್ವಂತ ಮನೆಯ ಹಾಗೆ, ಅಲ್ಲಿ ಎಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಇನ್ನು ಒಂದು ನಿಮಿಷ ಅದರೊಳಗೆ ಕುಳಿತರೆ ಸಾಕಿತ್ತು. ಆಗ ತೀರ್ಥರಾಮ ಗೌಡರು ಬಾಯಿ ತೆರೆದರು. ಕತೆ ಹೇಳುವಾಗಿನ ಸ್ವರ ಅದಾಗಿರಲಿಲ್ಲ.

“ನನ್ನ ಬಾಯಿಯಿಂದಲೇ ಮಗಳ ಬದುಕು ಹಾಳಾಯ್ತು,” ಎಂದರು. ಗಡಿಯಾರ ಕಟ್ಟಿದ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಿದ್ದರು.

“ಆ ಗಡಿಯಾರ ಮಾವನದ್ದಲ್ಲ,” ಎಂದು ಯಾರೋ ಹೇಳಿದ್ದು ಸುಜಯನಿಗೆ ಕೇಳಿಸಿತು. ಹೇಳಿದ್ದು ತಾನೇ ಎಂದು ಗೊತ್ತಾಗುವಷ್ಟರಲ್ಲಿ ಮಾತು ಅರ್ಧ ದಾರಿಗೆ ಬಂದಿತ್ತು, ಹಿಂದೆ ಕರೆಯುವಂತಿರಲಿಲ್ಲ. ಮನಸ್ಸಿನಲ್ಲಿ ಒಮ್ಮೆಯೂ ಹೇಳಿ ನೋಡದೆ ಅವನು ಆಡಿದ ಮೊದಲ ಮಾತು ಅದು. ಕೋಳಿ ಮತ್ತು ಅನ್ನ, ತಟ್ಟೆ ತೆಗೆದದ್ದು, ಬಾರದ ಚಹಾ, ಮುಷ್ಟಿಯೊಳಗಿನ ಮಣಿಕಟ್ಟು, ಬಿಟ್ಟುಹೋದ ಕೊಂಡಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ನಾಲ್ಕು ಗಂಟೆ ನಲವತ್ತು ನಿಮಿಷ, ಮಖಾ ಎಂದು ಕುಳಿತ.

ಗೌಡರು ಮೊದಲು ಕೆಂಪಾದರು. ಅಬ್ಬಾಸ್ ನಿದ್ದೆಯಲ್ಲಿದ್ದರು ಎಂದು ಹೇಳಲು ಹೊರಟರು. ಪ್ರೇಮಾವತಿ ಅವರನ್ನು ನೋಡಿದರು.

“ಕೈ ಹಿಡಿದದ್ದು ನಂಗೆ ನೆನಪುಂಟು. ಬಿಡ್ಲೇ ಇಲ್ಲ ನಾನು. ಮತ್ತೆ ನೀವು ಯಾವ ಕೈಯ ಗಡಿಯಾರ ನೋಡಿದ್ದು?”

ಗೌಡರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಇಪ್ಪತ್ತೇಳು ವರ್ಷದಲ್ಲಿ ಯಾರೂ ಅವರಿಗೆ ಆ ಪ್ರಶ್ನೆ ಕೇಳಿರಲಿಲ್ಲ.

ದಮಯಂತಿಗೆ ಅಬ್ಬಾಸರ ಬಾಯಿಯಿಂದಲೇ ಕೇಳಬೇಕಿತ್ತು. ಸುಜಯ್ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಗ್ಲೋಬಿನ ಪಕ್ಕದಲ್ಲಿಟ್ಟ. ವಾಚು ಯಾರ ಕೈಯಲ್ಲಿತ್ತು ಎಂದು ಜೋಯಿಸರು ನ್ಯಾಯಾಧೀಶರ ಹಾಗೆ ಕೇಳಿದರು.

“ವಾಚು ನನ್ನ ಕೈಯಲ್ಲಿತ್ತು ಸ್ವಾಮಿ,” ಎಂದಿತು ಫೋನು. “ಕೈ ಮಾತ್ರ ಅವ್ರ ಕೈಯಲ್ಲಿತ್ತು.”

ಚಾವಡಿ ನಗುವಿನಲ್ಲಿ ಮುಳುಗಿತು. ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ದೊಡ್ಡದಾಗಿ ನಕ್ಕವರು ತೀರ್ಥರಾಮ ಗೌಡರು. ಮದುವೆಗೆ ಬರಲೇಬೇಕು, ಚಹಾ ಅಲ್ಲಿ ಕೊಡಿಸುತ್ತೇನೆ ಎಂದು ಫೋನಿಗೆ ಬಗ್ಗಿ ಹೇಳಿದರು. ಅವರ ಮುಖ ನೋಡಿದರೆ, ಅಬ್ಬಾಸರನ್ನು ಸೇರಿಸಿದ ಹೊಸ ಕತೆ ಆಗಲೇ ತಯಾರಾಗುತ್ತಿತ್ತು, ಹಳೆಯದಕ್ಕಿಂತ ಉದ್ದವಾಗಿ.

ಜೋಯಿಸರು ಪಂಚಾಂಗ ಮತ್ತೆ ಬಿಡಿಸಿದರು. ದಮಯಂತಿ ಬೆಲ್ಲದ ಪಾಯಸ ತರಿಸಿದರು, ತಮ್ಮ ಶುಗರಿನ ಮಾತ್ರೆಯನ್ನು ಆ ದಿನದ ಮಟ್ಟಿಗೆ ಮರೆತು ತಾವೂ ತಿಂದರು. ಮೋಕ್ಷಿತ್ ಬಂದು ಸುಜಯನ ಎರಡೂ ಕೈ ಹಿಡಿದುಕೊಂಡ. ನಿಮ್ಮ ಉಪಕಾರ ಮರೆಯುವುದಿಲ್ಲ, ಮನೆ ಕಟ್ಟುವಾಗ ಹೇಳಿ, ಕಬ್ಬಿಣ ನಮ್ಮ ಅಂಗಡಿಯದ್ದೇ ಎಂದ. ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಅವನನ್ನು ದ್ವೇಷಿಸಲು ಸುಜಯ್ ಸ್ವಲ್ಪ ಹೊತ್ತು ಪ್ರಯತ್ನಿಸಿದ, ಆಗಲಿಲ್ಲ. ದಮಯಂತಿಯವರು ಅವನ ನಕ್ಷತ್ರ ಕೇಳಿ, ತಮ್ಮ ತಂಗಿಗೆ ಒಬ್ಬಳು ಮಗಳಿದ್ದಾಳೆ, ಅವಳು ನೆಲದ ಮೇಲೆಯೇ ಹುಟ್ಟಿದವಳು, ಲೆಕ್ಕದ ತೊಂದರೆಯಿಲ್ಲ ಎಂದರು.

ಪ್ರೇಮಾವತಿ ಅಂಗಳಕ್ಕಿಳಿದು ಮಗಳಿಗೆ ಫೋನು ಮಾಡಿದರು. ನೀನು ಮಖಾ ಆದಿ ಎಂದು ಹೇಳುವಾಗ ಕಣ್ಣು ಒರಸಿಕೊಂಡರು. ಆಮೇಲೆ ಅವಳು ಮಾತಾಡಬೇಕಂತೆ ಎಂದು ಫೋನನ್ನು ಸುಜಯನ ಕೈಗೆ ಕೊಟ್ಟು ಒಳಗೆ ಹೋದರು. ಅವನು ಅದನ್ನು ಕಿವಿಗೆ ಹಿಡಿದು ತುಳಸಿಕಟ್ಟೆಯ ಆಚೆ ನಿಂತ.

“ನಾಲ್ಕು ನಲವತ್ತಾ?” ಎಂದು ಕೇಳಿದಳು ಸುರಕ್ಷಾ.

“ಹೌದು.”

“ನಿನ್ನೆ ಬಸ್ಸಿನಲ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

ಒಳಗೆ ಗೌಡರು ಜೋಯಿಸರಿಗೆ ಕುವೈತಿನ ಇಳಿಜಾರನ್ನು ವಿವರಿಸುತ್ತಿರುವುದು ಕೇಳಿಸುತ್ತಿತ್ತು.

“ಮತ್ತೆ ಎಂತಾದ್ರೂ ಹೇಳ್ಲಿಕ್ಕುಂಟಾ?”

“ಗಾಳಿಯ ಲೆಕ್ಕದಲ್ಲಿ ಹತ್ತಿಪ್ಪತ್ತು ಕಿಲೋಮೀಟರು ಆಚೆ ಈಚೆ ಆಗಬಹುದು,” ಎಂದ ಸುಜಯ್. “ನಕ್ಷತ್ರಕ್ಕೆ ಅದರಿಂದ ತೊಂದರೆ ಇಲ್ಲ.”

“ಸರಿ,” ಎಂದಳು ಸುರಕ್ಷಾ. ಫೋನು ಇಟ್ಟಳು.

ಅವಳು ಯಾವ ನಕ್ಷತ್ರದಲ್ಲಿ ಹುಟ್ಟಿದ್ದರೂ ತಾನು ಅವಳನ್ನೇ ಮದುವೆಯಾಗುತ್ತಿದ್ದೆ ಎಂಬುದನ್ನು ಸುಜಯ್ ಆ ದಿನ ಹೇಳಲಿಲ್ಲ, ಅನಂತರವೂ ಹೇಳಲಿಲ್ಲ.